ನಡುಪಟ್ಟಿಗೂ ಹಿಂದಿನ ಮೆಟ್ಟಿಲುಗಳು

ಚೀನಾದ ಸಾಂಪ್ರದಾಯಿಕ ಸಮರಕಲೆಗಳಲ್ಲಿ ‘ಬ್ಲ್ಯಾಕ್ ಬೆಲ್ಟ್’ ಎಂಬುದು ಇರಲೇ ಇಲ್ಲ. ಬಿಳಿ, ಹಳದಿ, ಹಸಿರು, ಕಂದು ಎಂದು ನಡುಪಟ್ಟಿಯ ಬಣ್ಣ ಬದಲಿಸುತ್ತ ಮೇಲೇರುವ ಪದ್ಧತಿ ಬೆಳೆದದ್ದು ಜಪಾನ್ ಮೂಲದ ಜೂಡೊದಲ್ಲಿ. ಅಲ್ಲಿಂದ ಅದು ಕರಾಟೆಗೆ ದಾಟಿ, ಯುರೋಪು, ಅಮೆರಿಕ ಸುತ್ತಿ ಜಗತ್ತಿನ ಊರೂರಿಗೆ ಹಬ್ಬಿತು. ನಮ್ಮ ನಗರಗಳ ಬಡಾವಣೆಗಳಲ್ಲಿ ‘ಕುಂಗ್ ಫು ತರಗತಿ’ ಎಂಬ ಫಲಕದಡಿ ಮಕ್ಕಳು ಬಣ್ಣದ ಪಟ್ಟಿ ಕಟ್ಟಿಕೊಳ್ಳುವುದೂ ಆ ಹಾದಿಯಲ್ಲೇ ಬಂದ ರೂಢಿ.

ಹಾಗೆಂದು ಚೀನಾದಲ್ಲಿ ಮೇಲು–ಕೀಳಿನ ಎಣಿಕೆ ಇರಲಿಲ್ಲವೆಂದಲ್ಲ. ಇತ್ತು, ಮತ್ತು ಬಹಳ ಸೂಕ್ಷ್ಮವಾಗಿತ್ತು. ಆದರೆ ಅಲ್ಲಿ ಒಂದೇ ಏಣಿ ಇರಲಿಲ್ಲ. ಈತ ಯಾರ ಶಿಷ್ಯ, ಎಷ್ಟನೆಯ ತಲೆಮಾರಿನವನು ಎಂದು ಕೇಳುವ ಅಳತೆ ಒಂದು. ಈತನ ಮೈಯೊಳಗೆ ಏನು ಬದಲಾಗಿದೆ ಎಂದು ಕೇಳುವ ಅಳತೆ ಬೇರೆ. ರಾಜ್ಯದ ಮುಂದೆ, ಗುರುತಿಲ್ಲದವರ ಮುಂದೆ ಏನನ್ನು ಮಾಡಿ ತೋರಿಸಬಲ್ಲ ಎಂದು ಕೇಳುವ ಅಳತೆ ಮತ್ತೂ ಬೇರೆ. ಒಂದರಲ್ಲಿ ಮೇಲಿದ್ದವನು ಇನ್ನೊಂದರಲ್ಲಿ ಕೆಳಗಿರಬಹುದಿತ್ತು. ಅದರಲ್ಲಿ ಯಾರಿಗೂ ವಿರೋಧಾಭಾಸ ಕಾಣುತ್ತಿರಲಿಲ್ಲ. ಎಲ್ಲ ಶೈಲಿಗಳವರನ್ನೂ ಒಂದೇ ಏಣಿಯ ಮೇಲೆ ನಿಲ್ಲಿಸಬೇಕೆಂಬ ಹಂಬಲ ಇಪ್ಪತ್ತನೆಯ ಶತಮಾನದ್ದು. ಆ ಹಂಬಲದಿಂದ ಏನು ದಕ್ಕಿತು, ಏನು ಕೈಬಿಟ್ಟುಹೋಯಿತು ಎಂಬುದನ್ನು ತಿಳಿಯಲು ಹಳೆಯ ಅಳತೆಗಳನ್ನು ಒಂದೊಂದಾಗಿ ನೋಡಬೇಕು.

ಮನೆತನದ ಲೆಕ್ಕ

ಕನ್ಫ್ಯೂಷಿಯಸ್ ಪರಂಪರೆ ಮನುಷ್ಯ ಸಂಬಂಧಗಳನ್ನು ಐದಾಗಿ ಎಣಿಸುತ್ತದೆ: ಅರಸ–ಪ್ರಜೆ, ತಂದೆ–ಮಗ, ಗಂಡ–ಹೆಂಡತಿ, ಅಣ್ಣ–ತಮ್ಮ, ಗೆಳೆಯ–ಗೆಳೆಯ. ಗುರು–ಶಿಷ್ಯ ಎಂಬ ಆರನೆಯ ಜೋಡಿ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಕಸುಬು ಕಲಿಸುವ ಗುರುವನ್ನು ಚೀನೀ ಸಮಾಜ ತಂದೆಯ ಜಾಗದಲ್ಲಿ ಕೂರಿಸಿತು. ಬಡಗಿ, ವೈದ್ಯ, ನಾಟಕದವ, ಕತ್ತಿವರಸೆಯವ, ಎಲ್ಲರಿಗೂ ಇದೇ ಕಟ್ಟಳೆ. ಸಮರಕಲೆಯ ಶಾಲೆ ಒಂದು ಮನೆ. ಅದರೊಳಗಿನ ಸ್ಥಾನ ಮನೆಯೊಳಗಿನ ಸ್ಥಾನ.

ಗುರು ಇಲ್ಲಿ ಶಿಫು. ತನಗಿಂತ ಮೊದಲು ಸೇರಿದವನು ಶಿ-ಶ್ಯುಂಗ್, ಅಂದರೆ ಅಣ್ಣ. ಆಮೇಲೆ ಬಂದವನು ಶಿ-ದಿ, ತಮ್ಮ. ಗುರುವಿನ ಹಿರಿಯ ಸಹಪಾಠಿ ದೊಡ್ಡಪ್ಪ, ಕಿರಿಯ ಸಹಪಾಠಿ ಚಿಕ್ಕಪ್ಪ, ಗುರುವಿನ ಗುರು ಅಜ್ಜ. ಅಣ್ಣ–ತಮ್ಮಂದಿರ ಈ ಲೆಕ್ಕ ನಿಲ್ಲುವುದು ವಯಸ್ಸಿನ ಮೇಲಲ್ಲ, ಹೊಸ್ತಿಲು ದಾಟಿದ ದಿನದ ಮೇಲೆ. ಇಪ್ಪತ್ತರ ಹುಡುಗ ನಲವತ್ತರ ಗೃಹಸ್ಥನಿಗೆ ಅಣ್ಣನಾಗಬಹುದು. ತಮ್ಮನು ಅಣ್ಣನನ್ನು ಕಣದಲ್ಲಿ ಹತ್ತು ಸಲ ಕೆಡವಿದರೂ ಅಣ್ಣ ಅಣ್ಣನೇ. ಈ ವ್ಯವಸ್ಥೆಯಲ್ಲಿ ‘ಬಡ್ತಿ’ ಎಂಬುದಕ್ಕೆ ಅರ್ಥವಿಲ್ಲ. ಪರೀಕ್ಷೆ ಬರೆದು ಯಾರೂ ಚಿಕ್ಕಪ್ಪನಾಗುವುದಿಲ್ಲ.

ಆದರೆ ಮನೆಯ ಒಳಗೆ, ಹೊರಗೆ ಎಂಬ ಭೇದ ಮಾತ್ರ ಬಹಳ ಗಟ್ಟಿಯಾಗಿತ್ತು. ಹಣ ಕೊಟ್ಟು ಅಂಗಳದಲ್ಲಿ ವರಸೆ ಕಲಿಯುವವನು ವಿದ್ಯಾರ್ಥಿ ಅಷ್ಟೆ. ಬೈಶಿ ಎಂಬ ದೀಕ್ಷೆ ಪಡೆದವನು ಶಿಷ್ಯ, ‘ಕೋಣೆಯೊಳಗೆ ಬಂದವನು’. ದೀಕ್ಷೆಗೆ ಮೊದಲು ಶಿಷ್ಯ ಮೂರು ವರ್ಷ ಗುರುವನ್ನು ಹುಡುಕಿ ನೋಡಬೇಕು, ಗುರು ಮೂರು ವರ್ಷ ಶಿಷ್ಯನನ್ನು ಪರೀಕ್ಷಿಸಬೇಕು ಎಂಬ ಮಾತು ಕಲೆಯವರ ನಡುವೆ ರೂಢಿಯಲ್ಲಿದೆ. ಆಮೇಲೆ ಪರಿಚಯಿಸುವವನೊಬ್ಬ, ಸಾಕ್ಷಿಗಳು, ಶಿಷ್ಯ ಬರೆದೊಪ್ಪಿಸುವ ಕೆಂಪು ಕಾಗದದ ಪತ್ರ, ಪೂರ್ವಗುರುಗಳ ಹೆಸರಿನ ಮುಂದೆ ಊದುಬತ್ತಿ, ಹಣೆ ನೆಲಕ್ಕೆ ಮುಟ್ಟಿಸುವ ನಮಸ್ಕಾರ, ಗುರುವಿಗೆ ಎರಡೂ ಕೈಯಿಂದ ಕೊಡುವ ಚಹಾ. ಗುರು ಚಹಾ ಕುಡಿದರೆ ಸಂಬಂಧ ಕೂಡಿತು. ಅಂದಿನಿಂದ ಗುರುವಿನ ಮುಪ್ಪು, ಕಾಯಿಲೆ, ಉತ್ತರಕ್ರಿಯೆಗಳಲ್ಲಿ ಶಿಷ್ಯನಿಗೂ ಪಾಲಿದೆ; ಶಿಷ್ಯನ ನಡತೆಗೆ ಗುರುವೂ ಹೊಣೆ.

ಈ ಹೊಣೆಯಿಂದಾಗಿಯೇ ಗುಣದ ಪರೀಕ್ಷೆ ಕಸುಬಿನ ಪರೀಕ್ಷೆಗಿಂತ ಮೊದಲು ಬರುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಹುವಾಂಗ್ ಬೈಜಿಯಾ ಎಂಬ ವಿದ್ವಾಂಸ ತನ್ನ ಗುರು ವಾಂಗ್ ಝೆಂಗ್‌ನಾನ್ ಕಲಿಸಿದ ‘ಒಳಮನೆ’ ಮುಷ್ಟಿಕಲೆಯ ಬಗ್ಗೆ ಬರೆಯುತ್ತ, ವಿದ್ಯೆ ಕೊಡಬಾರದ ಐದು ಬಗೆಯವರನ್ನು ಹೆಸರಿಸುತ್ತಾನೆ: ಮನಸ್ಸಿನಲ್ಲಿ ಕೇಡಿರುವವನು, ಜಗಳಗಂಟ, ಕುಡುಕ, ಕಲಿತದ್ದನ್ನು ಕಂಡಕಂಡಲ್ಲಿ ಪ್ರದರ್ಶಿಸುವವನು, ಮೂಳೆ ಮೆತ್ತಗಿದ್ದು ಬುದ್ಧಿ ಮಂದವಾದವನು. ಐದರಲ್ಲಿ ನಾಲ್ಕು ಕಾರಣಗಳು ಸ್ವಭಾವಕ್ಕೆ ಸಂಬಂಧಿಸಿದವು. ಮೈಕಟ್ಟಿಗೂ ಗ್ರಹಿಕೆಗೂ ಸಂಬಂಧಿಸಿದ್ದು ಕೊನೆಯದೊಂದೇ. ವುದೆ ಎಂದು ಕರೆಯುವ ಈ ಸಮರಶೀಲ ಮುಂದೆ ಶ್ರೇಣಿ ವ್ಯವಸ್ಥೆಯ ನಿಯಮಾವಳಿಯಲ್ಲೂ ಕಾಣಿಸಿಕೊಳ್ಳುತ್ತದೆ. ಹುವಾಂಗ್ ಬೈಜಿಯಾನ ಬರಹದಲ್ಲಿ ಇನ್ನೊಂದು ನೋವೂ ಇದೆ. ಗುರು ಅವನೊಬ್ಬನನ್ನೇ ನೆಚ್ಚಿಕೊಂಡಿದ್ದ. ಅವನು ಸರ್ಕಾರಿ ಪರೀಕ್ಷೆಯ ಓದಿಗೆ ಹೊರಳಿದ. ಗುರು ತೀರಿಕೊಂಡ ಮೇಲೆ ಆ ಕಲೆಯನ್ನು ಮುಂದುವರಿಸುವವರಿಲ್ಲವಾದರು. ಕೆಲವೇ ಶಿಷ್ಯರನ್ನು ನಂಬಿದ ವ್ಯವಸ್ಥೆ ಎಷ್ಟು ಸುಲಭವಾಗಿ ಕಡಿದುಹೋಗಬಲ್ಲದು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷ್ಯ ಸಿಗುವುದು ಕಷ್ಟ.

ತಲೆಮಾರಿನ ಲೆಕ್ಕ ಇನ್ನೂ ಉದ್ದಕ್ಕೆ ಚಾಚುತ್ತದೆ. ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯ ಚೆನ್ ಮನೆತನ ತಾಯ್ ಚಿಯ ಅತಿ ಹಳೆಯ ಶಾಖೆಗೆ ಹೆಸರಾದದ್ದು. ಅಲ್ಲಿ ಚೆನ್ ವಾಂಗ್‌ಟಿಂಗ್ ಒಂಬತ್ತನೆಯ ತಲೆಮಾರು, ಹೊರಗಿನವನಾದ ಯಾಂಗ್ ಲುಚಾನ್‌ಗೆ ಕಲಿಸಿದ ಚೆನ್ ಚಾಂಗ್‌ಶಿಂಗ್ ಹದಿನಾಲ್ಕನೆಯದು, 1928ರಲ್ಲಿ ಬೀಜಿಂಗ್‌ಗೆ ಹೋಗಿ ನೆಲೆಸಿದ ಚೆನ್ ಫಾಕೆ ಹದಿನೇಳನೆಯದು. ಶಾವೊಲಿನ್ ಮಠದಲ್ಲಿ ಈ ಲೆಕ್ಕಕ್ಕೆ ಹದಿಮೂರನೆಯ ಶತಮಾನದ ಮಠಾಧಿಪತಿ ಶುಯೆತಿಂಗ್ ಫುಯು ರಚಿಸಿದ್ದೆನ್ನುವ ಎಪ್ಪತ್ತು ಅಕ್ಷರಗಳ ಪದ್ಯವೊಂದಿದೆ. ಪ್ರತಿ ತಲೆಮಾರಿಗೆ ಅದರ ಒಂದು ಅಕ್ಷರ. ದೀಕ್ಷಾನಾಮದ ಮೊದಲಿಗೆ ಆ ಅಕ್ಷರವೇ ಬರಬೇಕು. ಹೆಸರು ಕೇಳಿದೊಡನೆ ಯಾರು ಯಾರಿಗೆ ಅಜ್ಜ, ಯಾರು ಮೊಮ್ಮಗ ಎಂದು ಗೊತ್ತಾಗುತ್ತದೆ. ಕಳೆದ ಶತಮಾನದ ಸುಶಿ ಮತ್ತು ಶಿಂಗ್‌ಝೆಂಗ್ ಎಂಬ ಇಬ್ಬರು ಭಿಕ್ಷುಗಳನ್ನೇ ನೋಡಬಹುದು. ಶಿಂಗ್‌ಝೆಂಗ್ ವಯಸ್ಸಿನಲ್ಲಿ ಹಿರಿಯರು, 1986ರಲ್ಲಿ ಮಠಾಧಿಪತಿಯಾದವರು. ಹೆಸರಿನ ಅಕ್ಷರದ ಪ್ರಕಾರ ಮಾತ್ರ ಅವರು ಸುಶಿಗಿಂತ ಎರಡು ತಲೆಮಾರು ಕಿರಿಯರು. ಅಧಿಕಾರ ಒಂದು ಕಡೆ, ವಯಸ್ಸು ಒಂದು ಕಡೆ, ಪೀಳಿಗೆ ಇನ್ನೊಂದು ಕಡೆ. ಮೂರೂ ಒಂದೇ ಮಠದಲ್ಲಿ ತಕರಾರಿಲ್ಲದೆ ನಡೆದವು.

ಕೆಲವು ಶೈಲಿಗಳಲ್ಲಿ ಪಾಠವೇ ಪದವಿ. ದಕ್ಷಿಣ ಚೀನಾದ ವಿಂಗ್ ಚುನ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಸಿಯು ನಿಮ್ ತಾವ್, ಆಮೇಲೆ ಚುಮ್ ಕಿಯು, ಕೊನೆಗೆ ಬಿಯು ಜಿ ಎಂಬ ಮೂರು ಬರಿಗೈ ವರಸೆಗಳು; ಜೊತೆಗೆ ಮರದ ಬೊಂಬೆ, ಉದ್ದನೆಯ ಕೋಲು, ಜೋಡಿ ಕತ್ತಿ. ಬಿಯು ಜಿಯನ್ನು ಮನೆಬಾಗಿಲ ಹೊರಗೆ ಬಿಡಬಾರದೆಂಬ ಕಟ್ಟು ಇತ್ತು. ಹಾಗಾಗಿ ಒಬ್ಬನಿಗೆ ಯಾವ ಪಾಠ ಆಗಿದೆ ಎಂದು ತಿಳಿದರೆ ಸಾಕು, ಗುರುವಿಗೆ ಅವನ ಮೇಲೆ ಎಷ್ಟು ನಂಬಿಕೆ ಎಂಬುದು ತಿಳಿಯುತ್ತಿತ್ತು.

ಮೈಯೊಳಗಿನ ಹಂತಗಳು

ಇಷ್ಟರಲ್ಲಿ ಎಲ್ಲಿಯೂ ಕೌಶಲದ ಮಾತು ಬಂದಿಲ್ಲ. ಅದರ ಲೆಕ್ಕವೇ ಬೇರೆ, ಮತ್ತು ಚೀನೀ ಚಿಂತನೆ ಅತ್ಯಂತ ಆಳಕ್ಕೆ ಇಳಿದದ್ದು ಅಲ್ಲಿ.

ಶಿಂಗ್ ಯಿ ಎಂಬ ಉತ್ತರ ಚೀನಾದ ಶೈಲಿಯ ಹತ್ತೊಂಬತ್ತನೆಯ ಶತಮಾನದ ಗುರು ಗುವೊ ಯುನ್‌ಶೆನ್ ಅಭ್ಯಾಸಿಯ ಬೆಳವಣಿಗೆಯನ್ನು ಮೂರು ಹಂತಗಳಲ್ಲಿ ವಿವರಿಸುತ್ತಿದ್ದ. ಅವನ ಮಾತುಗಳನ್ನು ಬರೆದಿಟ್ಟವನು ಸುನ್ ಲುತಾಂಗ್. 1924ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ ಅವು ದಾಖಲಾಗಿವೆ. ಮೊದಲನೆಯದು ಮಿಂಗ್ ಜಿನ್, ಹೊರಗೆ ಕಾಣುವ ಬಲ. ಹೆಜ್ಜೆ, ಕೈ, ಮೊಣಕೈ ಎಲ್ಲವೂ ಅಳತೆಗೆ ಸರಿಯಾಗಿ, ಚುರುಕಾಗಿ, ಗಟ್ಟಿಯಾಗಿ ಕೆಲಸ ಮಾಡುವ ಹಂತ. ಎರಡನೆಯದು ಆನ್ ಜಿನ್, ಒಳಗೆ ಅಡಗಿದ ಬಲ. ಚಲನೆ ಮೆತ್ತಗಾಗುತ್ತದೆ, ಹೊರಗಿನ ರಭಸ ಇಳಿಯುತ್ತದೆ, ಆದರೆ ತಾಗಿದವನಿಗೆ ಏಟು ಹೆಚ್ಚು ಆಳಕ್ಕೆ ಹೋಗುತ್ತದೆ. ಮೂರನೆಯದು ಹುವಾ ಜಿನ್. ಇಲ್ಲಿ ಬಲ ಎಂಬುದೇ ಕರಗಿರುತ್ತದೆ. ಎದುರಾಳಿಗೆ ಹಿಡಿಯಲು ಗಟ್ಟಿಯಾದದ್ದು ಏನೂ ಸಿಗುವುದಿಲ್ಲ, ಅಭ್ಯಾಸಿಯ ಮನಸ್ಸಿನಲ್ಲೂ ‘ಈಗ ಇದನ್ನು ಮಾಡುತ್ತೇನೆ’ ಎಂಬ ಉದ್ದೇಶ ಉಳಿದಿರುವುದಿಲ್ಲ.

ಗುವೊ ಈ ಮೂರನ್ನೂ ತಾವೊ ಪಂಥದ ಆಂತರಿಕ ರಸವಿದ್ಯೆಯ ಮೂರು ಘಟ್ಟಗಳಿಗೆ ಹೊಂದಿಸುತ್ತಾನೆ: ದೇಹದ ಸಾರವಾದ ಜಿಂಗ್ ಅನ್ನು ಪ್ರಾಣಶಕ್ತಿಯಾದ ಚಿಯಾಗಿಸುವುದು, ಚಿಯನ್ನು ಚೈತನ್ಯವಾದ ಶೆನ್ ಆಗಿಸುವುದು, ಶೆನ್ ಅನ್ನು ಶೂನ್ಯಕ್ಕೆ ಮರಳಿಸುವುದು. ಇದೇ ಸಾಲಿನಲ್ಲಿ ಮೂಳೆ ಬದಲಿಸುವುದು, ಸ್ನಾಯು ಬದಲಿಸುವುದು, ಮಜ್ಜೆ ತೊಳೆಯುವುದು ಎಂಬ ಇನ್ನೊಂದು ಜೋಡಣೆಯೂ ಬರುತ್ತದೆ. ಸ್ನಾಯು–ಮಜ್ಜೆಗಳ ಈ ಪರಿಭಾಷೆಯನ್ನು ಸಂಪ್ರದಾಯ ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನ ಹೆಸರಿಗೆ ಕಟ್ಟುತ್ತದೆ. ಆ ಹೆಸರಿನ ಗ್ರಂಥ ಹದಿನೇಳನೆಯ ಶತಮಾನದ್ದು, ಬೋಧಿಧರ್ಮನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು ಎಂಬುದು ಇತಿಹಾಸಕಾರರ ನಿಲುವು; ಚೀನಾದಲ್ಲೇ ತಾಂಗ್ ಹಾವ್ ಎಂಬ ಸಂಶೋಧಕ ಕಳೆದ ಶತಮಾನದ ಮೊದಲಾರ್ಧದಲ್ಲಿ ಈ ಕಥೆಯನ್ನು ಒಡೆದು ತೋರಿಸಿದ್ದ. ನಮ್ಮ ಕಡೆ ಇಂದಿಗೂ ಅದನ್ನು ಇತಿಹಾಸವೆಂದೇ ಹೇಳಿಕೊಳ್ಳುವುದುಂಟು. ಅದನ್ನು ಕಥೆಯೆಂದೇ ತಿಳಿದಿರುವುದು ಒಳ್ಳೆಯದು.

ಈ ಹಂತಗಳ ನಡುವಿನ ಸಂಬಂಧವನ್ನು ಗಮನಿಸಬೇಕು. ಎರಡನೆಯ ಹಂತವೆಂದರೆ ಮೊದಲನೆಯದಕ್ಕೆ ಇನ್ನಷ್ಟು ಸೇರಿಸಿದ್ದಲ್ಲ. ಮೊದಲ ಹಂತದಲ್ಲಿ ಕಷ್ಟಪಟ್ಟು ಕಟ್ಟಿದ ಗಡಸನ್ನೇ ಎರಡನೆಯದು ಬಿಚ್ಚುತ್ತದೆ. ಎರಡನೆಯದರ ಉದ್ದೇಶಪೂರ್ವಕ ಮೃದುತ್ವವನ್ನು ಮೂರನೆಯದು ಬಿಚ್ಚುತ್ತದೆ. ವಿದ್ಯೆಯ ದಾರಿಯಲ್ಲಿ ದಿನದಿನವೂ ಕೂಡಿಸಿಕೊಳ್ಳುತ್ತಾರೆ, ತಾವೊದ ದಾರಿಯಲ್ಲಿ ದಿನದಿನವೂ ಕಳೆದುಕೊಳ್ಳುತ್ತಾರೆ ಎಂಬ ‘ತಾವೊ ತೆ ಚಿಂಗ್’ನ ವಿಚಾರ ಇಲ್ಲಿ ಮೈಯ ಪಾಠವಾಗಿದೆ. ಬಣ್ಣದ ಪಟ್ಟಿಗಳ ತರ್ಕ ಗಳಿಕೆಯದು. ಇದರ ತರ್ಕ ಕಳಚುವಿಕೆಯದು. ಎರಡೂ ‘ಮೇಲಿನ ಮಟ್ಟ’ ಎಂದೇ ಕರೆದುಕೊಂಡರೂ ಅವು ನೋಡುವ ದಿಕ್ಕು ಬೇರೆ.

ಚೆನ್ ಮನೆತನದ ಚೆನ್ ಶಿನ್ (1849–1929) ಇದನ್ನು ಲೆಕ್ಕದ ರೂಪದಲ್ಲೇ ಹೇಳಿದ. ಅವನ ಸಚಿತ್ರ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1933ರಲ್ಲಿ. ಅದರಲ್ಲಿ ಅಭ್ಯಾಸಿಯ ಮಟ್ಟವನ್ನು ಯಿನ್ ಮತ್ತು ಯಾಂಗ್‌ಗಳ ಪ್ರಮಾಣದಿಂದ ಅಳೆಯುತ್ತಾನೆ. ಒಂದು ಪಾಲು ಯಿನ್, ಒಂಬತ್ತು ಪಾಲು ಯಾಂಗ್ ಇದ್ದರೆ ಅವನು ಇನ್ನೂ ಒರಟು ದೊಣ್ಣೆ. ಎರಡಕ್ಕೆ ಎಂಟಾದರೆ ಕೈ ಚೆದರಿದೆ. ಮೂರಕ್ಕೆ ಏಳಾದರೂ ಗಡಸು ಹೋಗಿಲ್ಲ. ನಾಲ್ಕಕ್ಕೆ ಆರು ಎಂದರೆ ಒಳ್ಳೆಯ ಕೈ. ಐದಕ್ಕೆ ಐದು ಬಂದಾಗ ಮಾತ್ರ ಸಿದ್ಧಿ. ಹತ್ತಕ್ಕೆ ಹತ್ತು ಯಿನ್ ಆಗಬೇಕೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಪೂರ್ತಿ ಮೃದುವಾದವನು ಪೂರ್ತಿ ಗಡಸಾದವನಷ್ಟೇ ದೂರದಲ್ಲಿದ್ದಾನೆ. ಶ್ರೇಣಿಯ ತುದಿ ಇಲ್ಲಿ ಶಿಖರವಲ್ಲ, ಸಮತೂಕ. ಅದೇ ಮನೆತನದ ಹತ್ತೊಂಬತ್ತನೆಯ ತಲೆಮಾರಿನ ಚೆನ್ ಶಿಯಾವೊವಾಂಗ್ ಈ ಐದು ಮಟ್ಟಗಳನ್ನು ಇಂದಿನವರಿಗೆ ವಿವರಿಸುವಾಗ ಚಲನೆಯ ವೃತ್ತವನ್ನೂ ಅಳತೆಯಾಗಿ ಬಳಸುತ್ತಾರೆ. ಹೊಸಬನ ಕೈ ದೊಡ್ಡ ಸುತ್ತು ಸುತ್ತುತ್ತದೆ. ಬರಬರುತ್ತ ಅದು ಮಧ್ಯಮ, ಆಮೇಲೆ ಸಣ್ಣದು. ಕೊನೆಯ ಮಟ್ಟದಲ್ಲಿ ಸುತ್ತು ಹೊರಗಿನವರ ಕಣ್ಣಿಗೇ ಬೀಳುವುದಿಲ್ಲ. ಹೀಗೆ ಅತ್ಯುನ್ನತ ಮಟ್ಟದವನು ನೋಡುವವರಿಗೆ ಏನೂ ಮಾಡದವನಂತೆ ಕಾಣುತ್ತಾನೆ. ಪ್ರದರ್ಶನ ನೋಡಿ ಅಂಕ ಕೊಡುವ ಯಾವ ಪರೀಕ್ಷಕನಿಗೂ ಇದು ತೊಡಕಿನ ಸಂಗತಿ.

ವಾಂಗ್ ಝೊಂಗ್‌ಯುಯೆ ಬರೆದನೆಂದು ಹೇಳುವ ತಾಯ್ ಚಿಯ ಪುಟ್ಟ ಶಾಸ್ತ್ರಗ್ರಂಥವೂ ಮೂರೇ ಘಟ್ಟಗಳನ್ನು ಹೇಳುತ್ತದೆ: ವರಸೆಗಳು ಮೈಗೂಡುವುದು, ಬಲದ ಸ್ವರೂಪ ಅರ್ಥವಾಗುವುದು, ಪ್ರಜ್ಞೆ ನಿಚ್ಚಳವಾಗುವುದು. ವೈದ್ಯ, ಕವಿ, ಚಿತ್ರಕಾರನೂ ಆಗಿದ್ದ ಝೆಂಗ್ ಮಾನ್‌ಚಿಂಗ್ ಇವನ್ನು 1950ರ ತನ್ನ ಪುಸ್ತಕದಲ್ಲಿ ಮನುಷ್ಯ, ಭೂಮಿ, ಆಕಾಶ ಎಂಬ ಮೂರು ಮಟ್ಟಗಳಾಗಿ, ಪ್ರತಿಯೊಂದರಲ್ಲಿ ಮೂರು ಮೆಟ್ಟಿಲಿನಂತೆ ಒಂಬತ್ತಾಗಿ ವಿಸ್ತರಿಸಿದ. ಮನುಷ್ಯ ಮಟ್ಟದಲ್ಲಿ ಭುಜದಿಂದ ಬೆರಳ ತುದಿಗೆ, ಸೊಂಟದ ಕೀಲಿನಿಂದ ಪಾದಕ್ಕೆ, ಬೆನ್ನುಮೂಳೆಯ ಬುಡದಿಂದ ನೆತ್ತಿಗೆ ಸ್ನಾಯುಗಳು ಸಡಿಲಗೊಳ್ಳಬೇಕು. ಭೂಮಿ ಮಟ್ಟ ಚಿಯ ಹರಿವಿನದು. ಆಕಾಶ ಮಟ್ಟದಲ್ಲಿ ಉಳಿಯುವುದು ಗ್ರಹಿಕೆ ಮಾತ್ರ: ಎದುರಾಳಿಯ ಬಲವನ್ನು ‘ಕೇಳುವುದು’, ತಿಳಿಯುವುದು, ಕೊನೆಗೆ ತಿಳಿಯುವ ಪ್ರಯತ್ನವೂ ಬೇಡವಾಗುವುದು.

‘ಕೇಳುವುದು’ ಎಂದರೆ ಕಿವಿಯ ಕೆಲಸವಲ್ಲ, ಚರ್ಮದ ಕೆಲಸ. ತುಯ್ ಶೌ ಎಂಬ ಜೋಡಿ ಅಭ್ಯಾಸದಲ್ಲಿ ಇಬ್ಬರು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನಿಂತು ಒಬ್ಬರನ್ನೊಬ್ಬರು ನಿಧಾನವಾಗಿ ಒತ್ತುತ್ತಾರೆ, ಹಿಂಜಗ್ಗುತ್ತಾರೆ. ಒಬ್ಬನ ಭುಜ ಬಿಗಿದಿದ್ದರೆ, ತೂಕ ಹಿಮ್ಮಡಿಗೆ ಸರಿದಿದ್ದರೆ, ಮನಸ್ಸು ಗೆಲ್ಲುವ ಆತುರದಲ್ಲಿದ್ದರೆ, ಇನ್ನೊಬ್ಬನಿಗೆ ಮುಟ್ಟಿದ ಜಾಗದಲ್ಲೇ ತಿಳಿಯುತ್ತದೆ. ಹಳೆಯ ಗುರುಗಳಿಗೆ ಪ್ರಮಾಣಪತ್ರ ಏಕೆ ಬೇಕಿರಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಕೈಗೆ ಕೈ ತಾಗಿದ ಕೆಲವು ಕ್ಷಣಗಳಲ್ಲಿ ಇಬ್ಬರಿಗೂ ತಮ್ಮ ತಮ್ಮ ಜಾಗ ಗೊತ್ತಾಗುತ್ತಿತ್ತು. ಮೂರನೆಯವನಿಗೆ ಅದನ್ನು ತಿಳಿಸುವ ಅಗತ್ಯವೇ ಇರಲಿಲ್ಲ.

ಅಂಕದ ಕೋಳಿ

ಕಳಚುತ್ತ ಮೇಲೇರುವ ಈ ಚಿಂತನೆಯ ಬೇರು ಸಮರಕಲೆಯ ಪುಸ್ತಕಗಳಿಗಿಂತ ಬಹಳ ಹಳೆಯದು. ‘ಚುವಾಂಗ್ ತ್ಸು’ ಎಂಬ ತಾವೊ ಗ್ರಂಥದಲ್ಲಿ, ಅರಸನಿಗಾಗಿ ಅಂಕದ ಕೋಳಿ ಪಳಗಿಸುವ ಜಿ ಶಿಂಗ್‌ಝಿ ಎಂಬವನ ಕಥೆ ಬರುತ್ತದೆ. ಹತ್ತು ದಿನ ಕಳೆದ ಮೇಲೆ ಕೋಳಿ ಸಿದ್ಧವೇ ಎಂದು ಅರಸ ಕೇಳುತ್ತಾನೆ. ಇಲ್ಲ, ಇನ್ನೂ ಸೊಕ್ಕಿನಲ್ಲಿದೆ, ತನ್ನ ಕಸುವನ್ನೇ ನಂಬಿದೆ ಎನ್ನುತ್ತಾನೆ ಪಳಗಿಸುವವ. ಇನ್ನು ಹತ್ತು ದಿನ: ಇಲ್ಲ, ಸದ್ದಿಗೆ, ನೆರಳಿಗೆ ಇನ್ನೂ ಬೆಚ್ಚುತ್ತದೆ. ಮತ್ತೆ ಹತ್ತು ದಿನ: ಇಲ್ಲ, ನೋಟದಲ್ಲಿ ಇನ್ನೂ ಉರಿ ಇದೆ. ನಲವತ್ತನೆಯ ದಿನ ಅವನು ಸರಿಸುಮಾರು ಆಯಿತು ಎನ್ನುತ್ತಾನೆ. ಈಗ ಬೇರೆ ಕೋಳಿ ಕೂಗಿದರೂ ಇದು ಅಲುಗುವುದಿಲ್ಲ. ನೋಡಿದರೆ ಮರದಲ್ಲಿ ಕಡೆದ ಕೋಳಿಯ ಹಾಗಿದೆ. ಎದುರು ಬಂದ ಕೋಳಿಗಳು ತಿರುಗಿ ಓಡುತ್ತವೆ.

ನಾಲ್ಕು ಸಲ ಕೇಳಿದ ಪ್ರಶ್ನೆ, ನಾಲ್ಕು ಮಟ್ಟಗಳು. ಮೊದಲ ಮೂರು ಸಲವೂ ಪಳಗಿಸುವವನು ಕೋಳಿಗೆ ಏನು ಬಂದಿದೆ ಎಂದು ಹೇಳುವುದಿಲ್ಲ, ಏನು ಇನ್ನೂ ಹೋಗಿಲ್ಲ ಎಂದು ಹೇಳುತ್ತಾನೆ. ಮೊದಲು ಸೊಕ್ಕು, ಆಮೇಲೆ ಬೆದರು, ಕೊನೆಗೆ ಕೋಪ. ಅರಸನ ಆತುರಕ್ಕೂ ಪಳಗಿಸುವವನ ತಾಳ್ಮೆಗೂ ಇರುವ ಅಂತರವೇ ಕಥೆಯ ಜೀವ. ಅರಸನಿಗೆ ಬೇಕಾದದ್ದು ಕಾದಾಡುವ ಕೋಳಿ. ಪಳಗಿಸುವವ ತಂದುಕೊಟ್ಟದ್ದು ಕಾದಾಡುವ ಅಗತ್ಯವೇ ಬೀಳದ ಕೋಳಿ. ಅದೇ ಗ್ರಂಥದ ಅಡುಗೆಯವ ದಿಂಗ್ ಹತ್ತೊಂಬತ್ತು ವರ್ಷ ಒಂದೇ ಕತ್ತಿಯಿಂದ ದನ ಕೊಯ್ದರೂ ಅದರ ಅಲಗು ಸವೆದಿರುವುದಿಲ್ಲ. ಮೊದಮೊದಲು ಇಡೀ ದನವನ್ನೇ ಕಾಣುತ್ತಿದ್ದವನು ಮೂರು ವರ್ಷದ ಮೇಲೆ ಹಾಗೆ ಕಾಣುವುದನ್ನು ಬಿಟ್ಟ, ಈಗಂತೂ ಕಣ್ಣಿನಿಂದ ನೋಡುವುದೇ ಇಲ್ಲ. ಶಿಂಗ್ ಯಿಯ ಮೂರು ಹಂತಗಳಿಗೂ ಈ ಅಡುಗೆಯವನ ಮೂರು ಹಂತಗಳಿಗೂ ನಡುವೆ ಎರಡು ಸಾವಿರ ವರ್ಷಗಳ ದೂರವಿದ್ದರೂ ಹೋಲಿಕೆ ಸ್ಪಷ್ಟ.

ರಾಜ್ಯದ ತಕ್ಕಡಿ

ಆದರೆ ರಾಜ್ಯಕ್ಕೆ ಬೇಕಿದ್ದದ್ದು ಸೈನಿಕರು, ಮತ್ತು ಅವರನ್ನು ಆರಿಸಲು ಯಾರೂ ಪ್ರಶ್ನಿಸಲಾಗದ ಅಳತೆ. 702ರಲ್ಲಿ ಸಮ್ರಾಜ್ಞಿ ವು ಝೆತಿಯೆನ್ ಸೈನಿಕ ಪರೀಕ್ಷೆಯನ್ನು ಆರಂಭಿಸಿದಳು. ನಡುನಡುವೆ ನಿಂತರೂ ಅದು 1901ರವರೆಗೆ ಬದುಕಿತ್ತು. ನಾಗರಿಕ ಪರೀಕ್ಷೆಯ ಪದವಿಗಳ ಹಿಂದೆ ‘ಸೈನಿಕ’ ಎಂಬ ವಿಶೇಷಣ ಸೇರಿಸಿ ಶಿಯುತ್ಸಾಯ್, ಜುರೆನ್, ಜಿನ್‌ಶಿ ಎಂಬ ಪದವಿಗಳನ್ನು ಕೊಡುತ್ತಿದ್ದರು. ಇಡೀ ಸಾಮ್ರಾಜ್ಯಕ್ಕೆ ಮೊದಲಿಗನಾದವನು ಝುವಾಂಗ್‌ಯುವಾನ್. ಚಿಂಗ್ ರಾಜವಂಶದ ಕಾಲದಲ್ಲಿ ಕುದುರೆಯ ಮೇಲಿಂದ, ನೆಲದ ಮೇಲಿಂದ ಬಿಲ್ಲುಗಾರಿಕೆ ಮುಗಿದ ಮೇಲೆ ಬಲದ ಪರೀಕ್ಷೆ. 80, 100, 120 ಜಿನ್ ತೂಕದ ಉದ್ದಹಿಡಿಯ ಕತ್ತಿಗಳನ್ನು ತಿರುಗಿಸಬೇಕು. 200, 250, 300 ಜಿನ್ ತೂಕದ ಕಲ್ಲುಗಳನ್ನು ಎತ್ತಬೇಕು. ಅಂದಿನ 300 ಜಿನ್ ಎಂದರೆ ಇಂದಿನ ಸುಮಾರು 180 ಕಿಲೊ. ಲಿಖಿತ ಪರೀಕ್ಷೆಯೂ ಇತ್ತು, ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಯುದ್ಧಶಾಸ್ತ್ರದ ಹಳೆಯ ಗ್ರಂಥಗಳಿಂದ ನೂರರಷ್ಟು ಅಕ್ಷರಗಳನ್ನು ನೆನಪಿನಿಂದ ಬರೆಯುವುದಕ್ಕೆ ಇಳಿಯಿತು. ಬಂದೂಕಿನ ಕಾಲ ಬಂದ ಮೇಲೂ ಕಲ್ಲೆತ್ತುವ ಪರೀಕ್ಷೆ ನಡೆದೇ ಇತ್ತು. ಈ ತಕ್ಕಡಿ ಯಾರ ಶಿಷ್ಯ ಎಂದು ಕೇಳಲಿಲ್ಲ. ಅದೇ ಅದರ ದೊಡ್ಡಗುಣ. ಮೈಯೊಳಗೆ ಏನಾಗಿದೆ ಎಂದೂ ಕೇಳಲಿಲ್ಲ.

ಇಂದಿನ ಶ್ರೇಣಿಗಳಲ್ಲಿ ಕಾಣುವ ಒಂಬತ್ತು ಎಂಬ ಸಂಖ್ಯೆಯೂ ಬಂದದ್ದು ರಾಜ್ಯದ ಕಚೇರಿಯಿಂದಲೇ. 220ರಲ್ಲಿ ವೇಯ್ ರಾಜ್ಯದ ಮಂತ್ರಿ ಚೆನ್ ಚುನ್ ಅಧಿಕಾರಿಗಳ ನೇಮಕಕ್ಕೆ ಒಂಬತ್ತು ದರ್ಜೆಗಳ ಪದ್ಧತಿ ತಂದ. ವೇಯ್‌ಚಿ ಎಂಬ ಹಲಗೆಯಾಟದ ಆಟಗಾರರಿಗೂ ಒಂಬತ್ತು ದರ್ಜೆಗಳು ಹುಟ್ಟಿದವು. ಅತಿ ಕೆಳಗಿನದರ ಹೆಸರು ‘ಮೊದ್ದುತನವನ್ನು ಕಾಯುವುದು’, ಅತಿ ಮೇಲಿನದು ‘ದೈವತ್ವವನ್ನು ಹೊಗುವುದು’. ಆ ಆಟ ಜಪಾನಿಗೆ ಹೋಗಿ ಗೊ ಆಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಹೊನಿನ್‌ಬೊ ದೊಸಾಕು ಆಟಗಾರರನ್ನು ‘ದಾನ್’ ಮಟ್ಟಗಳಾಗಿ ವಿಂಗಡಿಸಿದ. 1882ರಲ್ಲಿ ಕೊಡೊಕಾನ್ ಶಾಲೆ ತೆರೆದ ಜೂಡೊದ ಕಾನೊ ಜಿಗೊರೊ ಮರುವರ್ಷವೇ ತನ್ನ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಕೊಟ್ಟ. ಕಪ್ಪು ಪಟ್ಟಿ ಅದರ ಗುರುತಾಗಿ ಬಂತು; ನಡುವಿನ ಬಣ್ಣಗಳು ಬೆಳೆದದ್ದು ಯುರೋಪಿನಲ್ಲಿ. ಕಾನೊ ಶಿಕ್ಷಣತಜ್ಞ, ಶಾಲೆ–ಕಾಲೇಜುಗಳ ಆಡಳಿತ ಬಲ್ಲವನು. ಹಳೆಯ ಜುಜುತ್ಸು ಮನೆಗಳ ಗುಟ್ಟಿನ ಪತ್ರಗಳ ಬದಲು ಎಲ್ಲರಿಗೂ ಕಾಣುವ, ಸಣ್ಣ ಸಣ್ಣ ಗುರಿಗಳಿರುವ ಮೆಟ್ಟಿಲು ಅವನಿಗೆ ಬೇಕಿತ್ತು. ಸಾವಿರಾರು ಮಕ್ಕಳಿಗೆ ಕಲಿಸಬೇಕಾದಾಗ ಅದು ಕೆಲಸಕ್ಕೆ ಬರುತ್ತದೆ ಎಂಬುದನ್ನು ಮುಂದಿನ ಶತಮಾನ ತೋರಿಸಿಕೊಟ್ಟಿತು. 1960–70ರ ದಶಕಗಳಲ್ಲಿ ಅಮೆರಿಕದ ಕುಂಗ್ ಫು ಶಾಲೆಗಳು ಪಕ್ಕದ ಕರಾಟೆ ಶಾಲೆಗಳ ಬೆಲ್ಟಿಗೆ ಸರಿಸಾಟಿಯಾಗಿ ಬಣ್ಣದ ಸೊಂಟವಸ್ತ್ರ ಕಟ್ಟತೊಡಗಿದವು. ಚೀನಾದಲ್ಲಿ ಆ ವಸ್ತ್ರ ಬೆನ್ನಿಗೆ ಆಸರೆಯಾಗಿ, ಉಡುಪಿನ ಭಾಗವಾಗಿ ಇದ್ದದ್ದು. ದರ್ಜೆ ಹೇಳುವ ಕೆಲಸ ಅದಕ್ಕೆ ಅಲ್ಲಿ ಇರಲಿಲ್ಲ.

ಒಂದೇ ಏಣಿಯ ಪ್ರಯತ್ನ

ಚೀನಾದೊಳಗೆ ಬದಲಾವಣೆ 1910ರಲ್ಲಿ ಶಾಂಘೈನಲ್ಲಿ, ಹುವೊ ಯುವಾನ್‌ಜಿಯಾ ಎಂಬ ಹೆಸರಾಂತ ಕಲಿಯ ಸುತ್ತ ಕಟ್ಟಿದ ಜಿಂಗ್‌ವು ಸಂಘದಿಂದ ಶುರುವಾಯಿತು. ಯಾವ ಶೈಲಿಯವರಾದರೂ ಮೊದಲು ಹತ್ತು ಸಾಮಾನ್ಯ ವರಸೆಗಳನ್ನು ಕಲಿಯಬೇಕು ಎಂದು ಅದು ಪಠ್ಯಕ್ರಮ ಮಾಡಿತು. ಹೆಂಗಸರಿಗೂ ಬಾಗಿಲು ತೆರೆಯಿತು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಝಾಂಗ್ ಝಿಜಿಯಾಂಗ್ ನೇತೃತ್ವದಲ್ಲಿ ಕೇಂದ್ರ ಗುವೊಶು (ಸಮರಕಲೆ) ಸಂಸ್ಥೆ ಹುಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ನಡೆಸಿದ ಮೊದಲ ರಾಷ್ಟ್ರೀಯ ಪರೀಕ್ಷೆಯಲ್ಲಿ ಸ್ಪರ್ಧಿಗಳು ವರಸೆ ತೋರಿಸಿ, ಆಮೇಲೆ ಒಬ್ಬರ ಮೇಲೊಬ್ಬರು ನಿಜವಾಗಿಯೇ ಹೋರಾಡಬೇಕಿತ್ತು. ಗಾಯಗಳು ಎಷ್ಟಾದವೆಂದರೆ ಕೊನೆಯ ಸುತ್ತನ್ನು ನಿಲ್ಲಿಸಿ, ಉಳಿದ 15 ಜನರಿಗೆ ಒಟ್ಟಾಗಿ ಅತ್ಯುತ್ತಮ ದರ್ಜೆ ಕೊಟ್ಟರು. ಮೊದಲ ಸ್ಥಾನ ಯಾರಿಗೂ ಸಿಗಲಿಲ್ಲ. ದೇಶದ ಏಕಮಾತ್ರ ಶ್ರೇಷ್ಠ ಯೋಧನನ್ನು ಗುರುತಿಸಹೊರಟ ಪರೀಕ್ಷೆಗೆ ಅದು ತಕ್ಕ ಮುಕ್ತಾಯವೇ ಆಗಿತ್ತು.

ಕಮ್ಯುನಿಸ್ಟ್ ಚೀನಾ ಸಮರಕಲೆಯನ್ನು ಕ್ರೀಡೆಯಾಗಿ ಮರುರೂಪಿಸಿತು; 1958ರಲ್ಲಿ ಚೀನೀ ವುಶು ಸಂಘ ಸ್ಥಾಪನೆಯಾಯಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ದೀಕ್ಷೆ, ಗುರುಪೂಜೆಗಳೆಲ್ಲ ಊಳಿಗಮಾನ್ಯದ ಕೊಳೆ ಎನಿಸಿಕೊಂಡವು. ಎಂಬತ್ತರ ದಶಕದಲ್ಲಿ ಗಾಳಿ ತಿರುಗಿದಾಗ ಸರ್ಕಾರವೇ ದೇಶಾದ್ಯಂತ ಸಮೀಕ್ಷೆ ನಡೆಸಿ, ಸ್ಪಷ್ಟ ಮೂಲವಿರುವ 129 ಶೈಲಿಗಳನ್ನು ಪಟ್ಟಿ ಮಾಡಿತು. ಇವೆಲ್ಲವನ್ನೂ ಒಂದೇ ಅಳತೆಗೆ ತರುವ ದುವಾನ್‌ವೇಯ್ ಪದ್ಧತಿ 1998ರಿಂದ ಜಾರಿಗೆ ಬಂತು. ಒಂಬತ್ತು ಮೆಟ್ಟಿಲು. ಒಂದರಿಂದ ಮೂರರವರೆಗೆ ಹದ್ದಿನ ಲಾಂಛನ, ನಾಲ್ಕರಿಂದ ಆರು ಹುಲಿ, ಏಳರಿಂದ ಒಂಬತ್ತು ಡ್ರ್ಯಾಗನ್; ಪ್ರತಿ ಪ್ರಾಣಿಗೂ ನೀಲಿ-ಹಸಿರು, ಬೆಳ್ಳಿ, ಚಿನ್ನದ ಮೂರು ಛಾಯೆ. ತೀರ ಎಳೆಯರಿಗೆ ಇವಕ್ಕೂ ಕೆಳಗೆ ಪಾಂಡಾ ಲಾಂಛನ.

ಈ ಪದ್ಧತಿಯನ್ನು ಬರೀ ಆಮದು ಎನ್ನುವುದು ಸರಿಯಲ್ಲ. ಆರನೆಯ ಮೆಟ್ಟಿಲಿನವರೆಗೆ ವರಸೆ, ಸಿದ್ಧಾಂತಗಳ ಪರೀಕ್ಷೆ ಇದೆ. ಏಳರಿಂದ ಮುಂದೆ ಜಿಗಿತ, ಒದೆತಗಳಿಗೆ ಅಂಕವಿಲ್ಲ. ಕಲಿಸಿದ್ದು, ಸಂಶೋಧಿಸಿ ಬರೆದದ್ದು, ಕಲೆಗೆ ಮಾಡಿದ ಸೇವೆ, ಸಮರಶೀಲ ಇವು ಗಣನೆಗೆ ಬರುತ್ತವೆ. ಇಪ್ಪತ್ತೈದರ ಕ್ರೀಡಾಪಟು ಎಷ್ಟೇ ಎತ್ತರಕ್ಕೆ ಹಾರಿದರೂ ಡ್ರ್ಯಾಗನ್ ಅವನ ಕೈಗೆ ಸಿಗದು. ಹಾರುವವರಿಗೆಂದೇ 1985ರಿಂದ ಬೇರೆ ಕ್ರೀಡಾ ದರ್ಜೆಗಳಿವೆ. ಮೈ ಮಾಗಿ, ಮನುಷ್ಯ ಮಾಗಿ, ಕೈಯಲ್ಲಿದ್ದುದನ್ನು ಮುಂದಿನವರಿಗೆ ದಾಟಿಸಿದ ಮೇಲೆ ಬರುವ ಗೌರವ ಡ್ರ್ಯಾಗನ್. ಹಳೆಯ ಮನೆತನದ ಅಜ್ಜನ ಸ್ಥಾನಕ್ಕೂ ಅದಕ್ಕೂ ನಂಟಿದೆ.

ತೊಡಕಿರುವುದು ಕೆಳಗಿನ ಮೆಟ್ಟಿಲುಗಳಲ್ಲಿ. ಒಬ್ಬ ಗುರು ಕೈ ತಾಗಿಸಿ ತಿಳಿಯುತ್ತಿದ್ದುದನ್ನು ಪರೀಕ್ಷಕರ ತಂಡ ದೂರದಿಂದ ನೋಡಿ ತಿಳಿಯಬೇಕು. ನೋಡಿ ತಿಳಿಯಬೇಕೆಂದರೆ ವರಸೆ ಎಲ್ಲರಿಗೂ ಒಂದೇ ಇರಬೇಕು. ಹಾಗಾಗಿ ಪ್ರತಿ ಶೈಲಿಗೂ ಹಂತಹಂತದ ಪ್ರಮಾಣಿತ ಪಠ್ಯಗಳನ್ನು ಬರೆಯಬೇಕಾಯಿತು. ಶೈಲಿ ಉಳಿಯಿತು, ಮನೆಮನೆಗೆ ಬೇರೆಯಾಗಿದ್ದ ಅದರ ಚಹರೆ ತುಸು ಸವೆಯಿತು. ಮಿಂಗ್ ಜಿನ್ ಕಣ್ಣಿಗೆ ಕಾಣುವುದರಿಂದ ಅಂಕ ಪಡೆಯುತ್ತದೆ. ಹುವಾ ಜಿನ್‌ಗೆ ಅಂಕದ ಪಟ್ಟಿಯಲ್ಲಿ ಕಾಲಂ ಇರುವುದು ಸಾಧ್ಯವೇ ಇಲ್ಲ.

ಮನೆತನದ ಅಳತೆಗೂ ಅದರದೇ ಸಂಕಟ ಎದುರಾಯಿತು. 2017ರ ಏಪ್ರಿಲ್‌ನಲ್ಲಿ ಚೆಂಗ್ದು ನಗರದಲ್ಲಿ ಮಿಶ್ರ ಸಮರಕಲೆಯ ಶು ಶಿಯಾವೊದಾಂಗ್, ತಾಯ್ ಚಿ ಗುರುವೆಂದು ಹೆಸರಾಗಿದ್ದ ಒಬ್ಬರನ್ನು ಅರ್ಧ ನಿಮಿಷವೂ ಆಗುವ ಮೊದಲೇ ಕೆಡವಿದ. ಆ ದೃಶ್ಯ ದೇಶದ ತುಂಬ ಹರಡಿ ದೊಡ್ಡ ಜಗಳವೆದ್ದಿತು. ಪೀಳಿಗೆಯ ಹೆಸರು ಕಣದಲ್ಲಿ ಕಾಯುವುದಿಲ್ಲ ಎಂಬುದು ಹಳಬರಿಗೆ ಗೊತ್ತಿದ್ದ ಮಾತೇ. ಅದಕ್ಕೇ ಅವರು ಪೀಳಿಗೆಯನ್ನೂ ಕೌಶಲವನ್ನೂ ಬೇರೆ ಬೇರೆ ಇಟ್ಟಿದ್ದರು. ಇಂದಿನವರು ಎರಡನ್ನೂ ಒಂದೇ ಎಂದು ಮಾರತೊಡಗಿದಾಗ ಪೆಟ್ಟು ಬಿದ್ದಿತು. 2020ರ ಜುಲೈನಲ್ಲಿ ವುಶು ಸಂಘ, ಯಾರೂ ತಮ್ಮನ್ನು ತಾವೇ ‘ಮಹಾಗುರು’, ‘ಪಂಥದ ಯಜಮಾನ’, ‘ಅಸಲಿ ಪರಂಪರೆ’ ಎಂದು ಕರೆದುಕೊಳ್ಳಬಾರದೆಂದು ಮನವಿ ಹೊರಡಿಸಬೇಕಾಯಿತು.

ಇದೇ ಕಾಲದಲ್ಲಿ ಪೀಳಿಗೆಗೂ ಸರ್ಕಾರಿ ಮುದ್ರೆ ಬಿದ್ದಿದೆ. ಶಾವೊಲಿನ್ ಕುಂಗ್ ಫು, ಚೆನ್ ಮತ್ತು ಯಾಂಗ್ ಶೈಲಿಯ ತಾಯ್ ಚಿಗಳು 2006ರಲ್ಲಿ ಚೀನಾದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿದವು. 2020ರ ಡಿಸೆಂಬರ್‌ನಲ್ಲಿ ತಾಯ್ ಚಿ ಯುನೆಸ್ಕೊ ಪಟ್ಟಿಗೂ ಸೇರಿತು. ಈ ಪಟ್ಟಿಯ ಕಲೆಗಳಿಗೆ ಸರ್ಕಾರ ‘ಪ್ರಾತಿನಿಧಿಕ ವಾರಸುದಾರ’ರನ್ನು ಗುರುತಿಸುತ್ತದೆ. ಅವರಲ್ಲೂ ಜಿಲ್ಲೆ, ನಗರ, ಪ್ರಾಂತ್ಯ, ರಾಷ್ಟ್ರ ಎಂಬ ನಾಲ್ಕು ಮಟ್ಟಗಳಿವೆ. ಚೆನ್‌ಜಿಯಾಗೌನ ಹಿರಿಯ ಗುರುವೊಬ್ಬರ ಪರಿಚಯದಲ್ಲಿ ಈಗ ಚೆನ್ ಮನೆತನದ ಹತ್ತೊಂಬತ್ತನೆಯ ತಲೆಮಾರು, ಚೆನ್ ವಾಂಗ್‌ಟಿಂಗ್‌ನಿಂದ ಎಣಿಸಿದರೆ ತಾಯ್ ಚಿಯ ಹನ್ನೊಂದನೆಯ ತಲೆಮಾರು, ಇಷ್ಟನೆಯ ದುವಾನ್, ಇಂಥ ಮಟ್ಟದ ವಾರಸುದಾರ ಎಂದು ನಾಲ್ಕೂ ಲೆಕ್ಕಗಳು ಒಂದರ ಕೆಳಗೊಂದು ಬರುವುದುಂಟು.